ಅನಿಕೇತನ: ಪದವೂ ಪಾಡೂ

ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿರುವ, 1987ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಕುವೆಂಪು ಅವರ ಹೆಸರನ್ನು ಹೊತ್ತಿರುವುದಷ್ಟೆ. ಆ ಕವಿಯು ಕನ್ನಡಕ್ಕೆ ಕೊಟ್ಟ ಮಾತುಗಳಲ್ಲಿ ‘ಅನಿಕೇತನ’ ಎಂಬುದು ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. ಶಾಲೆಯ ಮಕ್ಕಳೂ ಅದನ್ನು ಹಾಡಬಲ್ಲರು. ಹಾಡಿ ಹಾಡಿ ಸವೆದ ಪದಗಳ ಅರ್ಥವನ್ನು ಆಗಾಗ ತೂಗಿ ನೋಡುವುದು ವಿಮರ್ಶೆಯ ಕರ್ತವ್ಯ. ನಿಕೇತನವೆಂದರೆ ಮನೆ, ಅದಿಲ್ಲದುದು ಅನಿಕೇತನ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಭಕ್ತನ ಲಕ್ಷಣಗಳನ್ನು ಎಣಿಸುವಾಗ ‘ಅನಿಕೇತ’ನೆಂಬ ವಿಶೇಷಣವು ಬಂದಿದೆ, ಅದರ ಮಗ್ಗುಲಿಗೇ ‘ಸ್ಥಿರಮತಿ’ ಎಂಬುದೂ ಇದೆ. ಮನೆಯ ಹಂಗು ತೊರೆದವನ ಬುದ್ಧಿಯು ನೆಲೆನಿಂತಿರಬೇಕೆಂದು ತಾತ್ಪರ್ಯ. ಈ ಪದವನ್ನು ಹಾಡಿದ ಕವಿಯು ಮೈಸೂರಿನ ‘ಉದಯರವಿ’ಯಲ್ಲಿ ದೀರ್ಘಕಾಲ ನೆಮ್ಮದಿಯಾಗಿ ಬಾಳಿದನು. ಇದರಲ್ಲಿ ವಿರೋಧವೇನೂ ಇಲ್ಲ. ಕವಿಯು ಸಂಬೋಧಿಸಿದುದು ಚೇತನವನ್ನು, ಸಂಸಾರವನ್ನಲ್ಲ.

ಈ ಪದವನ್ನು ಒರೆಗೆ ಹಚ್ಚುವ ಗ್ರಂಥವೊಂದು 2017ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಜೆಸಿಕಾ ಬ್ರೂಡರ್ ಎಂಬ ಪತ್ರಿಕಾಲೇಖಕಿಯು ಬರೆದ ‘ನೊಮ್ಯಾಡ್‌ಲ್ಯಾಂಡ್’ ಎಂಬುದೇ ಅದು. ವೃದ್ಧಾಪ್ಯದಲ್ಲಿ ಮನೆಯನ್ನು ಬಿಟ್ಟು, ವ್ಯಾನು, ಹಳೆಯ ಬಸ್ಸು, ಎಳೆದೊಯ್ಯುವ ಬಂಡಿಮನೆಗಳಲ್ಲಿ ಊರಿಂದೂರಿಗೆ ಸಂಚರಿಸುತ್ತ ಬಾಳುವ ಜನರ ವೃತ್ತಾಂತವು ಇದರ ವಸ್ತು. ಚಳಿಗಾಲದಲ್ಲಿ ಅವರು ಅರಿಜೋನಾದ ಮರುಭೂಮಿಯಲ್ಲಿ ಜಾತ್ರೆಯಂತೆ ನೆರೆಯುವರು. ಒಬ್ಬರ ಗಾಡಿಯನ್ನು ಇನ್ನೊಬ್ಬರು ರಿಪೇರಿ ಮಾಡಿಕೊಡುವರು. ಬೆಂಕಿಯ ಸುತ್ತ ಕುಳಿತು ಸುಖದುಃಖಗಳನ್ನು ಹೇಳಿಕೊಳ್ಳುವರು. ತಾವು ನಿರ್ಗತಿಕರಲ್ಲ, ಕಟ್ಟಡವಿಲ್ಲದವರು ಮಾತ್ರ ಎಂಬುದು ಅವರ ವಾದ. ಮನೆಯೆಂದರೆ ಗೋಡೆಗಳಲ್ಲವೆಂದ ನಮ್ಮ ಸುಭಾಷಿತಕಾರರು ಇದನ್ನು ಒಪ್ಪುತ್ತಿದ್ದರೆಂದು ಮೇಲುನೋಟಕ್ಕೆ ತೋರುವುದು.

ಆದರೆ ಗ್ರಂಥದ ನಾಯಿಕೆಯೆನ್ನಬಹುದಾದ ಲಿಂಡಾ ಮೇ ಎಂಬಾಕೆಯನ್ನು ನೋಡಿರಿ. ಅರುವತ್ತು ದಾಟಿದ ಅಜ್ಜಿ. ಹತ್ತಾರು ಕೆಲಸಗಳಲ್ಲಿ ದುಡಿದವಳು. ಅಷ್ಟಾದರೂ ಕೊನೆಗೆ ಸರಕಾರದಿಂದ ಬರುವುದು ತಿಂಗಳಿಗೆ ಸುಮಾರು ಐದು ನೂರು ಡಾಲರು. ಅದು ಬಾಡಿಗೆಗೂ ಸಾಲದು. ಆದಕಾರಣ ಆಕೆಯು ಚಿಕ್ಕದೊಂದು ಬಂಡಿಮನೆಯನ್ನು ಹಿಡಿದಳು. ಬೇಸಗೆಯಲ್ಲಿ ಅರಣ್ಯದ ಬಿಡಾರಗಳ ಮೇಲ್ವಿಚಾರಣೆ ಹಾಗೂ ಶೌಚಾಲಯಗಳ ಸ್ವಚ್ಛತೆ; ಹಬ್ಬದ ಕಾಲಕ್ಕೆ ಅಮೆಜಾನ್ ಸಂಸ್ಥೆಯ ಉಗ್ರಾಣದಲ್ಲಿ ದಿನಕ್ಕೆ ಹತ್ತು ತಾಸು ಮತ್ತು ಅದಕ್ಕೂ ಮಿಕ್ಕಿದ ದುಡಿಮೆ. ಅಲ್ಲಿ ನೋವಿನ ಮಾತ್ರೆಗಳನ್ನು ಗೋಡೆಯ ಯಂತ್ರಗಳಿಂದ ಪುಕ್ಕಟೆಯಾಗಿ ಕೊಡುತ್ತಿದ್ದರೆಂಬ ಒಂದು ವಿವರವು ನೂರು ಪುಟಗಳ ವಾದಕ್ಕೆ ಸಮನಾದುದು. ಲೇಖಕಿಯು ಅಲ್ಲಿ ಕೂಗಾಡುವುದಿಲ್ಲ. ಕಂಡುದನ್ನು ಇಟ್ಟು ಸರಿಯುವಳು. ಇದು ಈ ಗ್ರಂಥದ ಶ್ರೇಷ್ಠ ಗುಣ.

ಇದನ್ನು ಅಮೆರಿಕದ ವಾನಪ್ರಸ್ಥವೆಂದು ಹೊಗಳಲು ನಮ್ಮವರಿಗೆ ಮನಸ್ಸಾದೀತು. ಆ ಹೋಲಿಕೆಯು ಒಂದು ಹೆಜ್ಜೆಯೂ ನಿಲ್ಲದು. ಮೈ ಸುಕ್ಕಿ, ತಲೆ ನರೆತು, ಮಗನ ಮಗನನ್ನು ಕಂಡ ಮೇಲೆ ಗೃಹಸ್ಥನು ಕಾಡಿಗೆ ಹೊರಡಬೇಕೆಂದು ಮನುಸ್ಮೃತಿಯು ವಿಧಿಸುವುದು. ಹೊರಡುವವನಿಗೆ ಮನೆಯಿತ್ತು, ಅದನ್ನು ನಡೆಸುವ ಮಗನಿದ್ದನು, ಹೆಂಡತಿಯನ್ನು ಮಗನಿಗೊಪ್ಪಿಸಬಹುದಿತ್ತು, ಜೊತೆಯಲ್ಲಿ ಕರೆದೊಯ್ಯಲೂಬಹುದಿತ್ತು. ಕಾಳಿದಾಸನ ರಘುವಂಶದ ಅರಸರು ರಾಜ್ಯವನ್ನು ಮಕ್ಕಳ ಕೈಗಿತ್ತು ಮುನಿವೃತ್ತಿಯನ್ನು ಹಿಡಿದವರು. ಬಿಡುವುದಕ್ಕೆ ಮೊದಲು ಹಿಡಿದಿರಬೇಕು, ಇಲ್ಲದುದನ್ನು ತ್ಯಜಿಸಲಾಗದು. ಲಿಂಡಾ ಮೇ ಏನನ್ನೂ ತ್ಯಜಿಸಲಿಲ್ಲ. ಅವಳಿಂದ ಎಲ್ಲವೂ ಜಾರಿತು. ಇಷ್ಟಲ್ಲದೆ ಗ್ರಂಥದ ಆದ್ಯಂತವೂ ಆಕೆಯು ಕಾಣುವ ಕನಸು ಯಾವುದು? ತುಂಡು ನೆಲ, ಅದರ ಮೇಲೆ ಹಳೆಯ ಟಯರು, ಬಾಟಲಿ, ಮಣ್ಣುಗಳಿಂದ ತಾನೇ ಕಟ್ಟಿಕೊಳ್ಳುವ ಮನೆ. ಕೊನೆಗೆ ಅರಿಜೋನಾದ ಗಡಿಯಲ್ಲಿ ಐದು ಎಕರೆ ಮರಳುನೆಲವನ್ನು ಕೊಳ್ಳುವಳು. ಅನಿಕೇತನಳಾದವಳ ಧ್ಯಾನವೆಲ್ಲ ನಿಕೇತನದ ಮೇಲೆಯೇ! ಲೇಖಕಿಯು ಈ ವೈಷಮ್ಯವನ್ನು ತನ್ನ ಮಾತಿನಿಂದ ವಿವರಿಸದಿದ್ದರೂ ಗ್ರಂಥದ ಬಂಧವೇ ಅದನ್ನು ಸಾರುತ್ತದೆ.

ಜಾನ್ ಸ್ಟೈನ್‌ಬೆಕ್ಕನು 1960ರಲ್ಲಿ ನಾಯಿಯೊಂದನ್ನು ಜೊತೆಗಿಟ್ಟುಕೊಂಡು ಗಾಡಿಮನೆಯಲ್ಲಿ ದೇಶವನ್ನು ಸುತ್ತಿ 1962ರಲ್ಲಿ ಪ್ರಕಟಿಸಿದ ‘ಟ್ರಾವೆಲ್ಸ್ ವಿತ್ ಚಾರ್ಲಿ’ಯೂ ಈ ಜಾತಿಯದೇ. ಅದರಲ್ಲಿ ವಿನೋದವುಂಟು, ಶಾಲೆಗೆ ಹೋಗುವ ಕರಿಯ ಮಗುವನ್ನು ನ್ಯೂ ಆರ್ಲಿಯನ್ಸಿನ ಹೆಂಗಸರು ಬಾಯಿಗೆ ಬಂದಂತೆ ಬಯ್ಯುವ ದೃಶ್ಯದಲ್ಲಿ ಧರ್ಮಸಂಕಟವೂ ಉಂಟು. ಆದರೆ ಸ್ಟೈನ್‌ಬೆಕ್ಕನಿಗೆ ಹಿಂದಿರುಗಲು ಸಮುದ್ರತೀರದಲ್ಲೊಂದು ಮನೆಯಿತ್ತು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆದ ‘ಅಮೆರಿಕದಲ್ಲಿ ಗೊರೂರು’ ಕೃತಿಯೂ ಇಳಿವಯಸ್ಸಿನ ಪ್ರವಾಸಫಲವೇ. ಅಲ್ಲಿಯ ನಗೆಯು ತಿಳಿಯಾಗಿರುವುದಕ್ಕೆ ಊರೊಂದು ಕಾದಿದೆಯೆಂಬ ಭರವಸೆಯೂ ಕಾರಣ. ಮರಳಿ ತೆರೆಯುವ ಬಾಗಿಲಿದ್ದರೆ ಅದು ಪ್ರವಾಸ, ಇಲ್ಲದಿದ್ದರೆ ಅಲೆತ. ಪ್ರವಾಸಗ್ರಂಥಗಳನ್ನು ಅಳೆಯುವವರು ಈ ಭೇದವನ್ನು ಮರೆಯಬಾರದು.

ಬ್ರೂಡರಳ ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ದಾರಿಯ ಸ್ನೇಹ, ಬಯಲಿನ ಬೆಳಗುಗಳ ವರ್ಣನೆಯು ಕೆಲವೆಡೆ ಹಸಿವನ್ನು ಮರೆಸುವಷ್ಟು ಸುಂದರವಾಗಿದೆ. ಈ ದೋಷವು 2020ರ ಚಲಚ್ಚಿತ್ರದಲ್ಲಿ ಇಮ್ಮಡಿಯಾಯಿತು. ಕ್ಲೋಯಿ ಝಾವೊ ಅದರಲ್ಲಿ ಕಲ್ಪಿತಳಾದ ವಿಧವೆಯೊಬ್ಬಳನ್ನು ನಾಯಿಕೆಯಾಗಿಸಿ, ಕೂಲಿಯ ಕಥೆಯನ್ನು ಶೋಕದ ಕಥೆಯಾಗಿ ತಿರುಗಿಸಿದಳು. ಚಿತ್ರವು 2021ರಲ್ಲಿ ಆಸ್ಕರ್ ಪಡೆಯಿತು, ಪ್ರಶ್ನೆಯು ಮೆತ್ತಗಾಯಿತು. ಆದರೂ ಅದರ ಆರಂಭವು ಮರೆಯಲಾಗದುದು. ನೆವಾಡಾದ ಎಂಪೈರ್ ಎಂಬ ಊರು ಕಾರ್ಖಾನೆಯದೇ ಸ್ವತ್ತು. 2011ರಲ್ಲಿ ಕಾರ್ಖಾನೆಯು ಮುಚ್ಚಲು ಊರೇ ಖಾಲಿಯಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು ಸ್ತಬ್ಧವಾದುದನ್ನು ಕಂಡ ಭದ್ರಾವತಿಯ ವಾಚಕನಿಗೆ ಇದಕ್ಕೆ ಟೀಕೆ ಬೇಕಾಗಿಲ್ಲ.

ಮಲೆನಾಡಿನ ಸಾಹಿತ್ಯವೂ ಇದೇ ದುಃಖವನ್ನು ಮತ್ತೊಂದು ಮಗ್ಗುಲಿನಿಂದ ಹೇಳಿದೆ. ನಾ. ಡಿಸೋಜರ ‘ದ್ವೀಪ’ದಲ್ಲಿ ಶರಾವತಿಯ ನೀರು ಏರುತ್ತಿರಲು ಗುಡ್ಡದ ಮೇಲೆ ಉಳಿಯುವ ಸಂಸಾರವು ಮನೆಯನ್ನು ಬಿಡಲೊಲ್ಲದು. ಅಲ್ಲಿ ಮನೆಯನ್ನು ನೀರು ನುಂಗುವುದು, ಇಲ್ಲಿ ಬಾಡಿಗೆ ನುಂಗುವುದು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದರೂ, ಮುಳುಗಡೆಯ ಜನರು ಬದಲಿ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಅವರನ್ನು ಅನಿಕೇತನರೆಂದು ಕರೆಯಲು ಯಾರ ನಾಲಗೆ ಏಳುವುದು?

ನಮ್ಮಲ್ಲಿ ಮುಪ್ಪಿಗೆ ಮಗನಿರುವನೆಂಬ ನಂಬಿಕೆಯಿತ್ತು. ಆ ನಂಬಿಕೆಗೆ 2007ರಲ್ಲಿ ಸಂಸತ್ತು ಕಾಯಿದೆಯ ಊರುಗೋಲನ್ನು ಕೊಡಬೇಕಾಯಿತು. ತಂದೆತಾಯಿಗಳ ಪೋಷಣೆಯು ನ್ಯಾಯಾಧಿಕರಣದ ವಿಷಯವಾಯಿತು. ಹೀಗಿರಲು ‘ನೊಮ್ಯಾಡ್‌ಲ್ಯಾಂಡ್’ ಪರದೇಶದ ವಿಚಿತ್ರವಾರ್ತೆಯಲ್ಲ. ಕನ್ನಡದಲ್ಲಿ ಇಂಥ ಗ್ರಂಥವನ್ನು ಬರೆಯುವವರು ದೂರ ಹೋಗಬೇಕಾಗಿಲ್ಲ. ಬಸ್‌ ನಿಲ್ದಾಣಗಳಲ್ಲಿ, ಛತ್ರಗಳಲ್ಲಿ, ಮಕ್ಕಳ ಮನೆಗಳ ನಡುವೆ ಸರದಿಯಂತೆ ಸಾಗುವ ಮುದುಕರ ಟ್ರಂಕುಗಳಲ್ಲಿ ಅದರ ಸಾಮಗ್ರಿಯಿದೆ. ಬರೆಯುವಾಗ ಮಾತ್ರ ಕವಿಯ ದೊಡ್ಡ ಪದವನ್ನು ಬಡವರ ಪಾಡಿನ ಮೇಲೆ ಹೊದಿಸದಿರಲಿ. ಅನಿಕೇತನವು ಚೇತನದ ಏರುವಿಕೆ. ಮನೆಯಿಲ್ಲದಿರುವುದು ಸಮಾಜದ ತಪ್ಪು. ಹಾಡಿನಲ್ಲಿ ಮನೆಯನ್ನು ಬಿಡಿಸುವುದಕ್ಕೆ ಮುಂಚೆ ನೆಲದ ಮೇಲೆ ಪ್ರತಿಯೊಬ್ಬ ವೃದ್ಧನಿಗೂ ಒಂದು ಮನೆಯಿರತಕ್ಕದ್ದು.