ಅಲ್ಲಾದೀನನ ಪಕ್ಕದಲ್ಲಿ ಫಾತಿಮಾ
ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮನೆ ಮೌಂಟ್ ವರ್ನನ್ ಈಗ ವಸ್ತುಸಂಗ್ರಹಾಲಯ. 1858ರಲ್ಲಿ ಅದನ್ನು ಕೊಂಡ ಮಹಿಳಾ ಸಂಘವೇ ಇಂದಿಗೂ ಸರಕಾರದ ಹಣವಿಲ್ಲದೆ ನಡೆಸುತ್ತಿದೆ. ಹಾಗಾಗಿ ಕ್ರಿಸ್‌ಮಸ್ ಸಂಭ್ರಮಕ್ಕೆ ಟಿಕೆಟ್ ಇಟ್ಟು ಹಣ ಕೂಡಿಸುವುದಕ್ಕೆ ನಮ್ಮ ತಕರಾರಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಮನೆ ನೋಡುವುದೂ ಚೆಂದವೇ.

ನಮ್ಮನ್ನು ಕಾಡುವುದು ಅಂಗಳದ ಒಂಟೆ. 1787ರ ಕ್ರಿಸ್‌ಮಸ್‌ಗೆ ವಾಷಿಂಗ್ಟನ್ 18 ಶಿಲಿಂಗ್ ಕೊಟ್ಟು ಅತಿಥಿಗಳಿಗೆ ಒಂಟೆ ತೋರಿಸಿದ್ದರಂತೆ. ಅದರ ನೆನಪಿಗೆ ತರಿಸಿದ ಒಂಟೆಗೆ ಅಲ್ಲಾದೀನ್ ಎಂದು ಹೆಸರು! ಆದರೆ 1774ರಲ್ಲಿ ಅವರು ತೆರಿಗೆ ಕಟ್ಟಿದ ಗುಲಾಮರ ಪಟ್ಟಿಯಲ್ಲಿ ‘ಫಾತಿಮರ್’, ‘ಲಿಟ್ಲ್ ಫಾತಿಮರ್’ ಎಂಬ ಇಬ್ಬರು ಹೆಂಗಸರಿದ್ದಾರೆ. ಬಹುಶಃ ತಾಯಿ, ಮಗಳು. ನಮ್ಮ ಕಿವಿಗೆ ಅದು ಫಾತಿಮಾ ಎಂದೇ ಕೇಳುತ್ತದೆ. ಸಂಗ್ರಹಾಲಯ ಇದನ್ನು ಮುಚ್ಚಿಟ್ಟಿಲ್ಲ, ನಿಜ. ಹಬ್ಬದ ಕರಪತ್ರದಲ್ಲಿ ಒಂಟೆಯ ಜೊತೆಗೆ ಇವರ ಹೆಸರನ್ನೂ ಅಚ್ಚು ಹಾಕಲಿ.