ದೀವದ ಹಕ್ಕಿಯ ದನಿ

ಚೈತ್ರದ ಬೆಳಗ್ಗೆ ಪುಣೆಯ ವೇತಾಳ ಟೇಕಡಿ ಹತ್ತಿದರೆ ಕುರುಚಲು ಗಿಡಗಳ ನಡುವಿನಿಂದ ಕೌಜುಗ ಕೂಗುವುದು ಕೇಳುತ್ತದೆ. ಗೌಜಲಹಕ್ಕಿ ಅಂತಲೂ ಅನ್ನುತ್ತಾರೆ. ಆ ಕೂಗು ಕಿವಿಗೆ ಬಿದ್ದಾಗಲೆಲ್ಲ ವಿಜಯಪುರ ಜಿಲ್ಲೆಯ ನಮ್ಮೂರು, ನಮ್ಮ ಕಾಕಾ ಮತ್ತು ಅವರ ಪಂಜರ ನೆನಪಾಗುತ್ತವೆ.

ಕಾಕಾ ಒಂದು ಗಂಡು ಕೌಜುಗ ಸಾಕಿದ್ದರು. ನಸುಕಿನಲ್ಲಿ ಅದರ ಪಂಜರವನ್ನು ಹೊಲದ ಬದುವಿನ ಮೇಲಿಟ್ಟು, ಸುತ್ತ ಉರುಲು ಕಟ್ಟಿ, ದೂರ ಕೂರುತ್ತಿದ್ದರು. ಸಾಕಿದ ಹಕ್ಕಿ ಕೂಗುತ್ತಿತ್ತು. ತನ್ನ ಜಾಗಕ್ಕೆ ಯಾರೋ ನುಗ್ಗಿದ್ದಾರೆಂದು ಕಾಡಿನ ಗಂಡು ಜಗಳಕ್ಕೆ ಓಡಿ ಬರುತ್ತಿತ್ತು. ಕಾಲು ಉರುಲಿಗೆ ಸಿಕ್ಕುತ್ತಿತ್ತು. ಸಂಜೆ ಮನೆಯಲ್ಲಿ ಸಾರು. ನಾನೂ ಎರಡು ಸಲ ಹಾಕಿಸಿಕೊಂಡು ಉಂಡವನೇ.

ಹೀಗೆ ಬಳಸುವ ಪ್ರಾಣಿಗೆ, ಹಕ್ಕಿಗೆ ಹಳಗನ್ನಡದಲ್ಲಿ 'ದೀವ' ಎಂಬ ಪದವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಬೇಟೆಯ ವಿವರ ಬರುತ್ತದೆ. ನಮ್ಮ ಕಡೆ ಈ ವಿದ್ಯೆ ಅಷ್ಟು ಹಳೆಯದು.

ಈಚೆಗೆ ಜಿಮ್ ಕಾರ್ಬೆಟ್ಟರ 'ಮ್ಯಾನ್ ಈಟರ್ಸ್ ಆಫ್ ಕುಮಾಂವ್' (1944) ಮತ್ತೆ ಓದಿದೆ. ಅದರಲ್ಲಿ ಠಾಕ್ ಊರಿನ ನರಭಕ್ಷಕಿಯ ಕಥೆಯಿದೆ. 1938ರ ನವೆಂಬರ್, ಹೆಣ್ಣುಹುಲಿ ಬೆದೆಗೆ ಬಂದಿದೆ, ಜೊತೆಗಾರನಿಗಾಗಿ ಕೂಗುತ್ತಿದೆ. ಕಾರ್ಬೆಟ್ಟರು ಗಂಡುಹುಲಿಯ ದನಿಯಲ್ಲಿ ಓಗೊಡುತ್ತಾರೆ. ಬೆಳಕು ಆರುತ್ತಿದೆ, ಅದರ ಕೂಗು ಹತ್ತಿರವಾಗುತ್ತಿದೆ. ಕಣ್ಣಿಗಿಂತ ಕಿವಿಯಿಂದಲೇ ಬರೆದ ಆ ಪುಟಗಳಿಗೆ ಸಮನಾದದ್ದು ಶಿಕಾರಿ ಸಾಹಿತ್ಯದಲ್ಲಿ ಅಪರೂಪ. ಜನ ಮನೆಮಠ ಬಿಟ್ಟು ಓಡಿದ್ದರು; ಕೊಲ್ಲಲೇಬೇಕಾದ ಕಾರಣವಿತ್ತು. ಅದರ ಮೈಯಲ್ಲಿ ಹಳೆಯ ಗುಂಡಿನ ಗಾಯವಿತ್ತು ಎಂದೂ ಅವರು ಪ್ರಾಮಾಣಿಕವಾಗಿ ಬರೆಯುತ್ತಾರೆ. ಆದರೆ ಅದು ಜೊತೆ ಹುಡುಕುತ್ತಿತ್ತು ಎಂಬ ಸಂಗತಿ ಕಥೆಯನ್ನು ಮುಂದೆ ನೂಕುತ್ತದೆಯೇ ಹೊರತು ಬರೆದವರ ಎದೆಯ ಮೇಲೆ ಕೂರುವುದಿಲ್ಲ.

ಅಮೆರಿಕದಲ್ಲಿ ವಸಂತ ಬಂದರೆ ಕಾಡು ಟರ್ಕಿಕೋಳಿಯ ಬೇಟೆಯೂ ಹೀಗೇ. ಬೇಟೆಗಾರ ಮರಕ್ಕೆ ಒರಗಿ ಕೂತು, ಪುಟ್ಟ ಮರದ ಪೆಟ್ಟಿಗೆ ಉಜ್ಜಿ, ಹೇಂಟೆಯ ದನಿ ಹೊರಡಿಸುತ್ತಾನೆ. ರೂಢಿಯಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಬಳಿ ಹೋಗುತ್ತದೆ. ಇಲ್ಲಿ ಹುಂಜವೇ ನಡೆದು ಬರಬೇಕು. ಅದಕ್ಕೇ ಈ ಬೇಟೆಗೆ ಅಷ್ಟೊಂದು ತಾಳ್ಮೆ ಬೇಕು.

ಈ ಎರಡರಲ್ಲೂ ಸುಳ್ಳು ಹೇಳುವವನು ಮನುಷ್ಯ. ಕಾಕಾನ ಪಂಜರದ್ದು ಬೇರೆ ಸಂಗತಿ. ಅಲ್ಲಿ ಕೂಗು ಸುಳ್ಳಲ್ಲ. ಆ ಹಕ್ಕಿ ತನ್ನ ನಿಜವಾದ ದನಿಯಲ್ಲೇ, ನಿಜವಾದ ರೋಷದಲ್ಲೇ ಕೂಗುತ್ತದೆ. ಮೋಸ ಇರುವುದು ಪಂಜರವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದರಲ್ಲಿ.

ನಮ್ಮ ಬೇಟೆ ಸಾಹಿತ್ಯ ಬಡವಾದದ್ದಲ್ಲ. ಕುವೆಂಪು 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಬೇಟೆಯನ್ನು ಒಂದು ಊರಿನ ಬದುಕಾಗಿ ತೋರಿಸಿದರು. ತೇಜಸ್ವಿ ಕೆನೆತ್ ಆಂಡರ್ಸನ್ನರ ಶಿಕಾರಿ ಕಥೆಗಳನ್ನು 'ಕಾಡಿನ ಕಥೆಗಳು' ಮಾಲೆಯಲ್ಲಿ ನಮ್ಮದೇ ಎನ್ನುವಷ್ಟು ಸಲೀಸಾದ ಕನ್ನಡಕ್ಕೆ ತಂದರು. ತಮ್ಮ ಸ್ವಂತ ಬರಹದಲ್ಲಿ ಬೇಟೆಗಾರನ ಜಂಬವನ್ನು ಗೇಲಿ ಮಾಡಿದರು. ಕೋವಿ, ನಾಯಿ, ಹಂದಿ, ಹುಲಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ನಾನು ಓದಿದ ಮಟ್ಟಿಗೆ ದೀವದ ಹಕ್ಕಿಯ ಕಡೆಯಿಂದ ಯಾರೂ ನೋಡಿಲ್ಲ. ಓಡಿಬಂದ ತನ್ನವನು ಉರುಲಲ್ಲಿ ಒದ್ದಾಡುವುದನ್ನು ಅದು ಪಂಜರದೊಳಗಿಂದ ನೋಡುತ್ತದೆ. ಮರುದಿನ ಮತ್ತೆ ಕೂಗುತ್ತದೆ. ಬರೆಯಬೇಕಾದ ಕಥೆ ಅದು ಎಂದು ನನಗನ್ನಿಸುತ್ತದೆ.

ಹೀಗನ್ನಿಸಲು ಪುಸ್ತಕವಷ್ಟೇ ಕಾರಣವಲ್ಲ. ಕೆಲ ವರ್ಷಗಳ ಹಿಂದೆ ನನ್ನ ಕಂಪನಿ ಕ್ಯಾಂಪಸ್ ಆಯ್ಕೆಗೆ ನಾನು ಓದಿದ ಕಾಲೇಜಿಗೇ ನನ್ನನ್ನು ಕಳಿಸಿತು. "ನೀನು ಅವರ ಭಾಷೆ ಮಾತಾಡ್ತೀಯಲ್ಲ" ಅಂದರು. ಮಾತಾಡಿದೆ. ಹಿಂಜಿಕೊಂಡು ಕೂತಿದ್ದ ಹುಡುಗ ಹುಡುಗಿಯರು ನಮ್ಮ ಕಡೆಯ ಮಾತು ಕೇಳಿದ್ದೇ ಅರಳಿದರು. ನನ್ನ ಪ್ರೀತಿಯಲ್ಲಿ ನಟನೆ ಇರಲಿಲ್ಲ. ಎರಡು ವರ್ಷದ ಬಾಂಡ್, ರಾತ್ರಿ ಪಾಳಿ, ಕೈಗೆ ಬರುವ ಸಂಬಳ: ಇವನ್ನು ಮಾತ್ರ ನಾನಾಗಿ ಎತ್ತಲಿಲ್ಲ.

ಆರು ತಿಂಗಳಾದ ಮೇಲೆ ಆ ಹುಡುಗಿಯರಲ್ಲಿ ಒಬ್ಬಳು ಕ್ಯಾಂಟೀನಿನಲ್ಲಿ ಸಿಕ್ಕಳು. ಬಿಟ್ಟು ಹೋಗಬೇಕೆಂದರೆ ಬಾಂಡಿನ ದುಡ್ಡು ಕಟ್ಟಬೇಕು, ಅಪ್ಪನ ಹತ್ತಿರ ಇಲ್ಲ ಎಂದಳು. ಸಿಟ್ಟೇನೂ ಇರಲಿಲ್ಲ.

"ನೀವು ಹೇಳಿದ್ರಲ್ಲ ಅಣ್ಣಾ, ಅದಕ್ಕ ಬಂದೆ."

ಈಗ ಕಾಕಾ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವರು ಮಾಡುತ್ತಿದ್ದುದು ಅಪರಾಧ. ಮರುವರ್ಷವೂ ಅದೇ ಕಾಲೇಜಿಗೆ ಹೋಗು ಎಂದರು. ಹೋದೆ. ಈ ಸಲ ಬಾಂಡಿನ ಮಾತಿನಿಂದಲೇ ಶುರುಮಾಡಿದೆ. ಅದಾದ ಮೇಲೆ ನನ್ನನ್ನು ಕಳಿಸಿಲ್ಲ.