ಯಜಮಾನನಿಗೂ ಒಬ್ಬ ಯಜಮಾನ

'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.' ನಮ್ಮ ಸಣ್ಣ ಉದ್ದಿಮೆದಾರರ ವೇದವಾಕ್ಯ ಇದು. ಒಂದು ಒಲೆ, ಎರಡು ಕೈ ಇರುವವರೆಗೆ ಗಾದೆ ನಿಜವೇ. ಹತ್ತು ಜನ ಸಂಬಳಕ್ಕೆ ಸೇರಿದ ದಿನ ಅದು ಸುಳ್ಳಾಗುತ್ತದೆ. ಅಂದಿನಿಂದ ಮಾಲೀಕ ತಯಾರು ಮಾಡಬೇಕಾದ್ದು ದೋಸೆ ಹುಯ್ಯುವವರನ್ನು. ಅದು ಹೊಳೆಯದವರು ಕಾವಲಿಯ ಮುಂದೆಯೇ ಮುದುಕರಾಗುತ್ತಾರೆ, ಕೆಲಸಗಾರರನ್ನು ಬೈಯುತ್ತಾ.

ಹೋಟೆಲಿಗೆ ಹೋದವರು ತಟ್ಟೆ ನೋಡುತ್ತಾರೆ. ನನಗೆ ಸಪ್ಲೈಯರ್‌ನ ಕಣ್ಣು ನೋಡುವ ಚಟ. ಸೀದುಹೋದ ದೋಸೆಯನ್ನು ಗಿರಾಕಿ ಅತ್ತ ಸರಿಸಿದಾಗ ಅವನ ಕಣ್ಣು ಗಲ್ಲಾ ಕಡೆ ಹೊರಳಿದರೆ, ಆ ಹೋಟೆಲಿಗೆ ಧಣಿ ಇದ್ದಾನೆ, ನಾಯಕ ಇಲ್ಲ. ಯಾರ ಮುಖವನ್ನೂ ನೋಡದೆ 'ಬೇರೆ ತರ್ತೀನಿ ಸಾರ್' ಎಂದು ಒಳಗೆ ನಡೆದರೆ, ಒಂದು ದೋಸೆಯ ನಷ್ಟಕ್ಕೆ ಯಾರೋ ಅವನಿಗೆ ಮೊದಲೇ ಅಭಯ ಕೊಟ್ಟಿದ್ದಾರೆ ಎಂದರ್ಥ. ಆ ಅಭಯವೇ ನಾಯಕತ್ವ. ಅದು ಗಲ್ಲಾದಲ್ಲಿ ಕೂತವರ ಗತ್ತಿನಲ್ಲಿ ಕಾಣುವುದಿಲ್ಲ.

ಇದನ್ನು ಕಲಿಯಲು ಮಾಲೀಕನಿಗೆ ಇರುವ ದೊಡ್ಡ ಅಡ್ಡಿ, ಅವನಿಗೆ ಮೇಲಧಿಕಾರಿ ಇಲ್ಲದಿರುವುದು. ಸಂಬಳದ ಮ್ಯಾನೇಜರ್ ತಪ್ಪಿದರೆ ತಿದ್ದುವವರಿದ್ದಾರೆ. ಮಾಲೀಕ ತಡವಾಗಿ ಬಂದರೆ ಕೇಳುವವರಿಲ್ಲ, ಮಗಳ ಮದುವೆಗೆಂದು ಗಲ್ಲಾಕ್ಕೆ ಕೈಹಾಕಿದರೆ ತಡೆಯುವವರಿಲ್ಲ, ಅವನ ಹಳಸಿದ ಜೋಕಿಗೂ ಎಲ್ಲರೂ ನಗುತ್ತಾರೆ. ಬೇಡ ಎನ್ನುವವರಿಲ್ಲದ ಮನುಷ್ಯ ಕೆಡುವುದು ಸುಲಭ. ಹಾಗಾಗಿ ಒಳ್ಳೆಯ ಮಾಲೀಕ ತನ್ನ ಮೇಲೊಬ್ಬ ಯಜಮಾನನನ್ನು ತಾನೇ ಕೂರಿಸಿಕೊಳ್ಳುತ್ತಾನೆ.

ಇದಕ್ಕೆ ನಮ್ಮ ಕಣ್ಣೆದುರಿನ ಪಾಠ ಲಾಲ್‌ಬಾಗ್ ರಸ್ತೆಯ ಎಂಟಿಆರ್. ಕರಾವಳಿಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಸೋದರರ ಜೊತೆ 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದರು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಆ ಅಡುಗೆಮನೆಯಲ್ಲೇ ರವೆ ಇಡ್ಲಿ ಹುಟ್ಟಿತು. ಹೆಸರು, ಗಿರಾಕಿ, ದುಡ್ಡು ಎಲ್ಲ ಬಂದಮೇಲೆ, 1951ರಲ್ಲಿ, ಮಯ್ಯರು ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡಿ ಬಂದು ತಟ್ಟೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಪದ್ಧತಿ ತಂದರು. ಕಾಫಿ ಕ್ಲಬ್ಬು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಗೆದ್ದ ಮಾಲೀಕ ಮತ್ತೆ ವಿದ್ಯಾರ್ಥಿಯಾಗುವುದು ನಮ್ಮಲ್ಲಿ ಅಪರೂಪ.

ಅದಕ್ಕಿಂತ ನನಗೆ ಹೆಚ್ಚಿಗೆ ಕಾಣುವುದು ಅಲ್ಲಿನ ಇನ್ನೊಂದು ಪದ್ಧತಿ: ಊಟಕ್ಕೆ ಬಂದವರು ಅಡುಗೆಮನೆಯನ್ನು ಹಾದು ಹೋಗುತ್ತಿದ್ದುದು. ಒಲೆ, ಪಾತ್ರೆ, ನೆಲ ಎಲ್ಲವೂ ಗಿರಾಕಿಯ ಕಣ್ಣಿಗೆ ಬೀಳುತ್ತಿದ್ದವು. ಅಡುಗೆಯವನಿಗೆ 'ಶುಚಿಯಾಗಿರು' ಎಂದು ದಿನಾ ಉಪದೇಶ ಮಾಡುವ ಅಗತ್ಯವೇ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವತ್ತೊಂದು ದಿನ ನಡೆಯುತ್ತದೆ ಬಿಡು ಎನ್ನುವ ಸ್ವಾತಂತ್ರ್ಯವನ್ನು ಮಾಲೀಕ ತಾನೇ ಕಳೆದುಕೊಂಡ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಬಂದು ಅವನ ಮೇಲ್ವಿಚಾರಕರಾಗಬಹುದಿತ್ತು.

ಈ ಕಟ್ಟುಪಾಡಿನ ಪರೀಕ್ಷೆ ನಡೆದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ಅಷ್ಟರಲ್ಲಿ ಯಜ್ಞನಾರಾಯಣ ಮಯ್ಯರು ತೀರಿಕೊಂಡಿದ್ದರು. ಸರ್ಕಾರ ತಿಂಡಿಯ ಬೆಲೆಯನ್ನು ಅಸಲೂ ಹುಟ್ಟದಷ್ಟು ಇಳಿಸಿತು. ತುಪ್ಪ ಕಡಿಮೆ ಮಾಡಿ, ಸಾಂಬಾರಿಗೆ ನೀರು ಬೆರೆಸಿ ಬಚಾವಾಗಲು ಯಾವ ಹೋಟೆಲಿಗೂ ಅಡ್ಡಿಯಿರಲಿಲ್ಲ. ಎಂಟಿಆರ್‌ನ ಮುಂದಿನ ತಲೆಮಾರು ಹೋಟೆಲನ್ನೇ ಮುಚ್ಚಿತು, ಮಿಕ್ಸ್ ಮತ್ತು ಪುಡಿಗಳ ಪೊಟ್ಟಣದ ವ್ಯಾಪಾರಕ್ಕೆ ಇಳಿಯಿತು. ಆ ಪೊಟ್ಟಣದ ಉದ್ದಿಮೆಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಮುಂದೆ ಮತ್ತೆ ತೆರೆದ ಹೋಟೆಲು ಮನೆತನದಲ್ಲೇ ಉಳಿಯಿತು. ಹಿರಿಯರು ಹೋದಮೇಲೂ ರುಚಿಯನ್ನು ಕೆಡಿಸಬೇಡ ಎನ್ನುವ ದನಿ ಅಲ್ಲಿ ಉಳಿದಿತ್ತಲ್ಲ, ಅದು ಆಸ್ತಿಗಿಂತ ದೊಡ್ಡದು.

ಕಟ್ಟುಪಾಡು ಮಾಡುವುದು ಸುಲಭ, ಅದರ ಕೆಳಗೆ ಬಾಳುವುದು ಕಷ್ಟ. ಇನ್ಫೋಸಿಸ್‌ನ ನಾರಾಯಣ ಮೂರ್ತಿ 2002ರಲ್ಲಿ ಸಿಇಒ ಹುದ್ದೆಯನ್ನು ನಂದನ್ ನಿಲೇಕಣಿ ಅವರಿಗೆ ಬಿಟ್ಟರು. 2011ರಲ್ಲಿ ಅರವತ್ತೈದು ತುಂಬಿದಾಗ, ನಿಯಮದಂತೆ, ಅಧ್ಯಕ್ಷ ಸ್ಥಾನದಿಂದಲೂ ಇಳಿದರು. ಆದರೆ ಕಂಪನಿ ಸೊರಗಿದಾಗ, 2013ರಲ್ಲಿ, ಆಡಳಿತ ಮಂಡಳಿ ಕರೆಯಿತೆಂದು ಹಿಂದಿರುಗಿದರು. ಸಹಾಯಕರಾಗಿ ಮಗನೂ ಜೊತೆಗೆ ಬಂದರು. ಮರುವರ್ಷ ಸಂಸ್ಥಾಪಕರಲ್ಲದ ವಿಶಾಲ್ ಸಿಕ್ಕಾ ಸಿಇಒ ಆದರು. ಮೂರ್ತಿಯವರು ಮರಳಿದ್ದು ಸರಿಯೇ ತಪ್ಪೇ ಎಂಬ ವಾದ ಇರಲಿ. ಅಷ್ಟು ಶಿಸ್ತಿನವರಿಗೂ ಎದ್ದುಬಂದ ಕುರ್ಚಿಯ ಸೆಳೆತ ಬಿಡದಿದ್ದರೆ, ಪೇಟೆಬೀದಿಯ ನಮ್ಮ ಮಾಲೀಕರ ಪಾಡೇನು?

ಅವರಿಗೆ ನನ್ನ ಸಲಹೆ ಮೂರೇ. ಸಂಬಳದ ಪುಸ್ತಕದಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ; ಅದರಾಚೆ ಗಲ್ಲಾ ಮುಟ್ಟಬೇಡಿ. ನಿಮ್ಮನ್ನು ಕೇಳದೆ ಎಷ್ಟು ರೂಪಾಯಿಯವರೆಗೆ ತೀರ್ಮಾನ ಮಾಡಬಹುದು ಎಂದು ಪ್ರತಿಯೊಬ್ಬ ಕೆಲಸಗಾರನಿಗೂ ಹೇಳಿಬಿಡಿ. ಸ್ಟೋರಿನವನಿಗೆ ಕೊಳೆತ ಟೊಮೆಟೊ ವಾಪಸ್ ಕಳಿಸುವ ಹಕ್ಕು ಕೊಡಿ, ತಂದವನು ನಿಮ್ಮ ಭಾವಮೈದುನನೇ ಆಗಿದ್ದರೂ. ಇದಕ್ಕೆಲ್ಲ ದುಡ್ಡು ಬೇಡ. ಮಾಲೀಕತನದ ಸುಖದಲ್ಲಿ ದೊಡ್ಡ ಪಾಲು ಹೋಗುತ್ತದೆ, ಅಷ್ಟೆ. ಆ ಸುಖ ಬಿಡಲಾರದವರು ಒಬ್ಬರೇ ನಡೆಸುವ ಗೂಡಂಗಡಿ ಇಟ್ಟುಕೊಳ್ಳಲಿ, ಅದರಲ್ಲೂ ಮರ್ಯಾದೆಯಿದೆ. ಹತ್ತು ಸಂಸಾರಗಳ ಅನ್ನವನ್ನು ತಮ್ಮ ಮರ್ಜಿಗೆ ಕಟ್ಟಿಹಾಕುವುದು ಮಾತ್ರ ಬೇಡ.